ಸ್ಪೋರ್ಟ್ಸ್ ಕಾರಿನ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲವೇ? ಕೇಬಲ್ ಟೈಟ್ ಮಾಡುವ ಮುನ್ನ ಇದನ್ನು ಓದಿ

ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಹೇಳಿದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: "ಕೇಬಲ್ ಸ್ವಲ್ಪ ಟೈಟ್ ಮಾಡಿಸಿ." ಕೇಬಲ್ ಬಿಗಿಯಾದ ದಿನ ಲಿವರ್ ಗಟ್ಟಿಯಾಗಿ ನಿಲ್ಲುತ್ತದೆ, ಕಾರೂ ನಿಲ್ಲುತ್ತದೆ. ಕೆಲವು ವಾರಗಳ ನಂತರ ಮತ್ತೆ ಅದೇ ಕಥೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇರುವ ಕಾರುಗಳಲ್ಲಿ, ಅದರಲ್ಲೂ ಸ್ಪೋರ್ಟ್ಸ್ ಕಾರುಗಳಲ್ಲಿ, ಈ ಸುಲಭದ ರಿಪೇರಿ ಕಾಲಿನಿಂದ ಒತ್ತುವ ಮುಖ್ಯ ಬ್ರೇಕನ್ನೂ ಹಾಳುಮಾಡಬಲ್ಲದು.

ಇದು ಹೇಗೆ? ಹ್ಯಾಂಡ್‌ಬ್ರೇಕ್ ಸಡಿಲವಾಗಲು ನಿಜವಾದ ಕಾರಣಗಳೇನು? ಅದನ್ನು ಸರಿಪಡಿಸುವ ಕ್ರಮ ಯಾವುದು? ಒಂದೊಂದಾಗಿ ನೋಡೋಣ.

ಕೈಯ ಬಲ ಕಾರನ್ನು ಹೇಗೆ ನಿಲ್ಲಿಸುತ್ತದೆ?

ಕಾಲಿನ ಬ್ರೇಕ್ ಕೆಲಸ ಮಾಡುವುದು ದ್ರವದ ಒತ್ತಡದಿಂದ. ಹ್ಯಾಂಡ್‌ಬ್ರೇಕ್ ಹಾಗಲ್ಲ. ಲಿವರ್ ಎಳೆದಾಗ ಒಂದು ಉಕ್ಕಿನ ಕೇಬಲ್ ಎಳೆಯಲ್ಪಡುತ್ತದೆ, ಅದು ಹಿಂದಿನ ಎರಡು ಚಕ್ರಗಳ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ದ್ರವದ ಪೈಪು ಒಡೆದರೂ ಕಾರು ನಿಲ್ಲಬೇಕು, ಗಂಟೆಗಟ್ಟಲೆ ನಿಂತರೂ ಹಿಡಿತ ಇಳಿಯಬಾರದು ಎಂಬುದೇ ಈ ಪ್ರತ್ಯೇಕ ವ್ಯವಸ್ಥೆಯ ಉದ್ದೇಶ.

ಪ್ರಯಾಣಿಕ ಕಾರುಗಳ ಬ್ರೇಕಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 13-ಎಚ್ ನಿಯಮದ ಪ್ರಕಾರ, ಪೂರ್ತಿ ಭಾರ ಹೊತ್ತ ಕಾರನ್ನು 20% ಇಳಿಜಾರಿನಲ್ಲಿ ಪಾರ್ಕಿಂಗ್ ಬ್ರೇಕ್ ಒಂದೇ ಹಿಡಿದಿಡಬೇಕು. ಅಂದರೆ ಐದು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರುವ ರಸ್ತೆ. ಅದಕ್ಕಾಗಿ ಲಿವರ್ ಮೇಲೆ ಹಾಕುವ ಬಲ 400 ನ್ಯೂಟನ್, ಅಂದರೆ ಸುಮಾರು 40 ಕೆ.ಜಿ. ತೂಕದಷ್ಟನ್ನು ಮೀರುವಂತಿಲ್ಲ.

ಇದು ಎಷ್ಟು ಕಷ್ಟದ ಕೆಲಸ ಎಂದು ತಿಳಿಯಲು ಒಂದು ಅಂದಾಜು ಲೆಕ್ಕ ಮಾಡೋಣ. ಇಬ್ಬರು ಕುಳಿತ ಪುಟ್ಟ ಸ್ಪೋರ್ಟ್ಸ್ ಕಾರಿನ ತೂಕ 1,100 ಕೆ.ಜಿ. ಎಂದುಕೊಳ್ಳಿ. 20% ಇಳಿಜಾರಿನಲ್ಲಿ ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 215 ಕೆ.ಜಿ. ತೂಕದಷ್ಟು. ಆದರೆ ಬ್ರೇಕ್ ಹಿಡಿಯುವುದು ಟೈರಿನ ಅಂಚಿನಲ್ಲಲ್ಲ, ಚಕ್ರದ ನಡುವಿಗೆ ಹತ್ತಿರದಲ್ಲಿರುವ ಡಿಸ್ಕಿನ ಮೇಲೆ. ಟೈರಿನ ತ್ರಿಜ್ಯ 29 ಸೆಂ.ಮೀ., ಡಿಸ್ಕಿನ ಮೇಲೆ ಪ್ಯಾಡ್ ಒತ್ತುವ ಜಾಗದ ತ್ರಿಜ್ಯ 10 ಸೆಂ.ಮೀ. ಆದರೆ ಅಲ್ಲಿ ಬೇಕಾಗುವ ಘರ್ಷಣೆ ಸುಮಾರು ಮೂರು ಪಟ್ಟು. ಪ್ಯಾಡಿನ ಘರ್ಷಣಾಂಕ 0.35 ಎಂದು ಹಿಡಿದು ಲೆಕ್ಕ ಹಾಕಿದರೆ, ಪ್ರತಿ ಹಿಂಚಕ್ರದ ಡಿಸ್ಕನ್ನು ಸುಮಾರು 450 ಕೆ.ಜಿ. ಬಲದಿಂದ ಅದುಮಬೇಕು. ಎರಡೂ ಸೇರಿ 900.

ಕೈಯ 40 ಕೆ.ಜಿ. ಬಲ 900 ಆಗಬೇಕೆಂದರೆ ಅದು 22 ಪಟ್ಟು ಹೆಚ್ಚಬೇಕು. ಸನ್ನೆಗೋಲಿನಿಂದ ಬಂಡೆ ಎತ್ತಿದವರಿಗೆ ಇದರ ಬೆಲೆ ಗೊತ್ತು: ಬಲ ಎಷ್ಟು ಪಟ್ಟು ಹೆಚ್ಚುತ್ತದೋ, ಚಲನೆ ಅಷ್ಟೇ ಪಟ್ಟು ಕಡಿಮೆಯಾಗುತ್ತದೆ. ಹೀಗಾಗಿ ಡಿಸ್ಕ್ ಮತ್ತು ಪ್ಯಾಡಿನ ನಡುವೆ ಕೇವಲ 1 ಮಿ.ಮೀ. ಹೆಚ್ಚುವರಿ ಅಂತರ ಬಿದ್ದರೂ, ಅದನ್ನು ತುಂಬಲು ಲಿವರ್ 2 ಸೆಂ.ಮೀ.ಗೂ ಹೆಚ್ಚು ಮೇಲೆ ಬರಬೇಕು. ಕೈಗೆ "ಕೇಬಲ್ ಸಡಿಲವಾಗಿದೆ" ಎನಿಸುವ ಅನುಭವದ ಮೂಲ ಬಹಳಷ್ಟು ಸಲ ಕೇಬಲ್ಲಿನಲ್ಲಿ ಇರುವುದಿಲ್ಲ, ಚಕ್ರದ ಬಳಿಯ ಈ ಸಣ್ಣ ಅಂತರದಲ್ಲಿರುತ್ತದೆ.

ಸ್ಪೋರ್ಟ್ಸ್ ಕಾರುಗಳಲ್ಲೇ ಈ ತೊಂದರೆ ಹೆಚ್ಚು ಏಕೆ?

ನಮ್ಮ ರಸ್ತೆಗಳಲ್ಲಿ ಓಡುವ ಅನೇಕ ಸಣ್ಣ ಕಾರುಗಳ ಹಿಂಚಕ್ರಕ್ಕೆ ಇರುವುದು ಡ್ರಮ್ ಬ್ರೇಕ್. ಡ್ರಮ್ ತಿರುಗಲು ಹೊರಟಾಗ ಒಳಗಿನ ಶೂ ಒಂದನ್ನು ತನ್ನೊಂದಿಗೆ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತದೆ. ಬಾಗಿಲ ಕೆಳಗೆ ಸಿಕ್ಕಿಸಿದ ಮರದ ಚೂರು, ಬಾಗಿಲು ತಳ್ಳಿದಷ್ಟೂ ಬಿಗಿಯಾದಂತೆ. ಡಿಸ್ಕ್ ಬ್ರೇಕಿಗೆ ಈ ಸಹಾಯ ಸಿಗುವುದಿಲ್ಲ, ಒತ್ತಿದಷ್ಟೇ ಹಿಡಿತ. ವೇಗದಲ್ಲಿ ಓಡುವಾಗ ಬಿಸಿ ಬೇಗ ಹೊರಹಾಕುವ ಡಿಸ್ಕ್, ನಿಂತಾಗ ಡ್ರಮ್ಮಿನಷ್ಟು ಸಲೀಸಾಗಿ ಹಿಡಿಯುವುದಿಲ್ಲ.

ಇದಕ್ಕೆ ತಯಾರಕರು ಎರಡು ದಾರಿ ಕಂಡುಕೊಂಡರು. ಮೊದಲನೆಯದು, ಹಿಂದಿನ ಡಿಸ್ಕಿನ ನಡುಭಾಗವನ್ನೇ ಒಂದು ಪುಟ್ಟ ಡ್ರಮ್ ಮಾಡಿ ಅದರೊಳಗೆ ಹ್ಯಾಂಡ್‌ಬ್ರೇಕಿಗೆಂದೇ ಬೇರೆ ಶೂಗಳನ್ನು ಇಡುವುದು. ಪೋರ್ಷೆ 911 ಕಾರುಗಳು ದಶಕಗಳಿಂದ ಇದೇ ಮಾದರಿಯವು. 1965ರಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಪಡೆದ ಷೆವ್ರೊಲೆ ಕಾರ್ವೆಟ್ ಕೂಡ ಈ ದಾರಿ ಹಿಡಿಯಿತು. ಎರಡನೆಯದು, ಕಾಲಿನ ಬ್ರೇಕ್ ಬಳಸುವ ಕ್ಯಾಲಿಪರನ್ನೇ ಬಳಸಿಕೊಂಡು, ಅದರ ಬೆನ್ನಿಗೆ ಕೇಬಲ್ ಎಳೆಯುವ ಒಂದು ಚಿಕ್ಕ ಲಿವರ್ ಜೋಡಿಸುವುದು. 1989ರಲ್ಲಿ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಬಿಡುಗಡೆಯಾದ, ಆಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾದ ಮಾಜ್ದಾ ಎಂಎಕ್ಸ್-5 (ಅಮೆರಿಕದಲ್ಲಿ ಇದರ ಜನಪ್ರಿಯ ಹೆಸರು ಮಿಯಾಟಾ) ಈ ಎರಡನೆಯ ಗುಂಪಿನದು. ಹಳೆಯ ಎಂಎಕ್ಸ್-5 ಇಟ್ಟುಕೊಂಡವರು ಆಗಾಗ ಎದುರಿಸುವ ತೊಂದರೆಗಳಲ್ಲಿ ಸಡಿಲ ಹ್ಯಾಂಡ್‌ಬ್ರೇಕ್ ಒಂದು.

ಇದರ ಜೊತೆಗೆ ಬಳಕೆಯ ರೀತಿಯೂ ಕಾರಣ. ಸ್ಪೋರ್ಟ್ಸ್ ಕಾರುಗಳು ವಾರಗಟ್ಟಲೆ ಗ್ಯಾರೇಜಿನಲ್ಲೇ ನಿಲ್ಲುವುದು ಹೆಚ್ಚು. ಅಷ್ಟರಲ್ಲಿ ಕೇಬಲ್ಲಿನ ಹೊದಿಕೆಯೊಳಗೆ, ಕ್ಯಾಲಿಪರಿನ ಲಿವರಿನಲ್ಲಿ ತುಕ್ಕು ಕೂರುತ್ತದೆ. ರೇಸ್ ಟ್ರ್ಯಾಕಿಗೆ ಹೋಗುವವರು ಹಾಕಿಸುವ ವಿಶೇಷ ಪ್ಯಾಡುಗಳದ್ದು ಇನ್ನೊಂದು ಸಮಸ್ಯೆ. ಅವು ಚೆನ್ನಾಗಿ ಹಿಡಿಯುವುದು ಬಿಸಿಯಾದಾಗ. ನಿಲ್ಲಿಸಿದ ಕಾರಿನ ಬ್ರೇಕ್ ತಣ್ಣಗಿರುತ್ತದೆ, ಆಗ ಅವುಗಳ ಹಿಡಿತ ಸಾಧಾರಣ ಪ್ಯಾಡಿಗಿಂತ ಕಡಿಮೆ ಇರಬಹುದು.

ಮೊದಲು ಕ್ಲಿಕ್ ಎಣಿಸಿ

ದೋಷ ಎಲ್ಲಿದೆ ಎಂದು ತಿಳಿಯಲು ಉಪಕರಣವೇನೂ ಬೇಡ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಲಿವರನ್ನು ಪೂರ್ತಿ ಕೆಳಗಿಳಿಸಿ, ಗುಂಡಿ ಒತ್ತದೆ ನಿಧಾನವಾಗಿ ಮೇಲೆತ್ತಿ. ಗಟ್ಟಿಯಾಗುವವರೆಗೆ ಎಷ್ಟು ಸಲ "ಕಟ್ ಕಟ್" ಸದ್ದು ಕೇಳಿತು ಎಂದು ಎಣಿಸಿ. ಸರಿಯಾದ ಸಂಖ್ಯೆ ಎಷ್ಟೆಂದು ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಮೊದಲ ತಲೆಮಾರಿನ ಎಂಎಕ್ಸ್-5ಗೆ ಅದು, ಸುಮಾರು 10 ಕೆ.ಜಿ. ಬಲದಿಂದ ಎಳೆದಾಗ, 5ರಿಂದ 7.

ಸಂಖ್ಯೆ ಬಹಳ ಹೆಚ್ಚಾಗಿದ್ದರೆ, ಅಂದರೆ ಲಿವರ್ ಹತ್ತು ಹನ್ನೆರಡು ಕ್ಲಿಕ್ ಏರಿ ನೆಟ್ಟಗೆ ನಿಂತರೆ, ಚಲನೆ ಎಲ್ಲೋ ಪೋಲಾಗುತ್ತಿದೆ. ಪ್ಯಾಡ್ ಅಥವಾ ಶೂ ಸವೆದು ಅಂತರ ಹೆಚ್ಚಾಗಿರಬಹುದು, ಪ್ಯಾಡ್ ಬದಲಿಸಿದವರು ಅಂತರ ಸರಿಯಾಗಿ ಹೊಂದಿಸದೆ ಬಿಟ್ಟಿರಬಹುದು, ಅಪರೂಪಕ್ಕೆ ಕೇಬಲ್ ಹಿಗ್ಗಿರಬಹುದು.

ಸಂಖ್ಯೆ ಸರಿಯಾಗಿದ್ದೂ ಕಾರು ಜಾರಿದರೆ, ಚಲನೆ ತಲುಪಿದೆ, ಹಿಡಿತ ಬಂದಿಲ್ಲ. ಪ್ಯಾಡಿನ ಮೇಲ್ಮೈ ಗಾಜಿನಂತೆ ನುಣುಪಾಗಿರಬಹುದು, ಗ್ರೀಸ್ ಅಥವಾ ಬ್ರೇಕ್ ಆಯಿಲ್ ತಾಗಿರಬಹುದು, ಡಿಸ್ಕಿಗೆ ತುಕ್ಕು ಹಿಡಿದಿರಬಹುದು, ಕ್ಯಾಲಿಪರ್ ಜಾರುವ ಪಿನ್ನುಗಳು ಅಂಟಿಕೊಂಡಿರಬಹುದು. ಹೊದಿಕೆಯೊಳಗೆ ತುಕ್ಕು ಹಿಡಿದ ಕೇಬಲ್ ಕೂಡ ಕೈಗೆ ಗಟ್ಟಿ ಎನಿಸುತ್ತದೆ, ಆದರೆ ಆ ಬಲ ಚಕ್ರದವರೆಗೆ ಹೋಗುವುದಿಲ್ಲ. ಈ ಯಾವ ದೋಷವೂ ಕೇಬಲ್ ಬಿಗಿ ಮಾಡುವುದರಿಂದ ಸರಿಹೋಗುವುದಿಲ್ಲ.

ಕೇಬಲ್ ಬಿಗಿ ಮಾಡಿದರೆ ಏನು ತಪ್ಪು?

ಲಿವರ್ ಇಳಿಸಿದಾಗ ಕ್ಯಾಲಿಪರಿನ ಬೆನ್ನಿನ ಚಿಕ್ಕ ಲಿವರ್ ತನ್ನ ವಿಶ್ರಾಂತಿ ಸ್ಥಾನಕ್ಕೆ, ಅಂದರೆ ತಡೆಗೆ ತಾಗುವಷ್ಟು ಹಿಂದಕ್ಕೆ ಬರಬೇಕು. ಪ್ಯಾಡ್ ಸವೆದಂತೆ ಅಂತರವನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಕ್ಯಾಲಿಪರುಗಳಲ್ಲಿ ಇದು ಇನ್ನೂ ಮುಖ್ಯ. ಲಿವರ್ ಪೂರ್ತಿ ಹಿಂದೆ ಬಾರದಿದ್ದರೆ ಆ ಹೊಂದಾಣಿಕೆಯೇ ನಿಂತುಹೋಗಬಹುದು. ಕೇಬಲ್ ವಿಪರೀತ ಬಿಗಿಯಾದಾಗ ಆಗುವುದು ಇದೇ.

ಜೊತೆಗೆ, ಓಡುವಾಗಲೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಮೈಲೇಜ್ ಇಳಿಯುತ್ತದೆ, ಪ್ಯಾಡ್ ಬೇಗ ಸವೆಯುತ್ತದೆ, ಡಿಸ್ಕ್ ಕಾಯುತ್ತದೆ. ಆ ಬಿಸಿ ಕ್ಯಾಲಿಪರಿನಲ್ಲಿರುವ ಬ್ರೇಕ್ ಆಯಿಲಿಗೂ ಏರುತ್ತದೆ. ಆಯಿಲ್ ಕುದಿದು ಗುಳ್ಳೆಯಾದರೆ ಕಾಲಿನ ಬ್ರೇಕ್ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಘಾಟಿ ಇಳಿಯುವಾಗ ಹೀಗಾದರೆ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ. ಕೇಬಲ್ ಟೈಟ್ ಮಾಡಿಸಿದ ನಂತರ ಹತ್ತು ನಿಮಿಷ ಓಡಿಸಿ ನಿಲ್ಲಿಸಿದಾಗ ಹಿಂಚಕ್ರದಿಂದ ಸುಟ್ಟ ವಾಸನೆ ಬಂದರೆ, ಅಥವಾ ಒಂದು ಚಕ್ರ ಇನ್ನೊಂದಕ್ಕಿಂತ ಬಹಳ ಕಾದಿದ್ದರೆ, ಕಾರನ್ನು ಮುಂದೆ ಓಡಿಸಬೇಡಿ.

ಸರಿಪಡಿಸುವ ಕ್ರಮ: ಚಕ್ರ ಮೊದಲು, ಕೇಬಲ್ ಕೊನೆಗೆ

ಕಾರು ಎತ್ತುವ ಮುನ್ನ ಒಂದು ಎಚ್ಚರಿಕೆ. ಹಿಂಚಕ್ರಗಳು ಮೇಲೆದ್ದರೆ ಹ್ಯಾಂಡ್‌ಬ್ರೇಕಿನಿಂದ ಯಾವ ರಕ್ಷಣೆಯೂ ಇಲ್ಲ. ಎಂಜಿನ್ನಿನ ಶಕ್ತಿ ಹಿಂಚಕ್ರಕ್ಕೆ ಹೋಗುವ ಕಾರುಗಳಲ್ಲಿ ಗೇರಿನಿಂದಲೂ ಇಲ್ಲ. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲದಲ್ಲಿ, ಮುಂಚಕ್ರಗಳ ಹಿಂದೆ ಮತ್ತು ಮುಂದೆ ಎರಡೂ ಕಡೆ ಮರದ ತುಂಡು ಕೊಟ್ಟೇ ಜ್ಯಾಕ್ ಎತ್ತಬೇಕು. ಜ್ಯಾಕ್ ಎತ್ತುವುದಕ್ಕೆ ಮಾತ್ರ, ಕಾರು ನಿಲ್ಲಬೇಕಾದದ್ದು ಸ್ಟ್ಯಾಂಡುಗಳ ಮೇಲೆ. ಬರೀ ಜ್ಯಾಕ್ ಮೇಲಿರುವ ಕಾರಿನ ಕೆಳಗೆ ಕೈ ಕೂಡ ಹಾಕಬಾರದು.

ಮೊದಲ ಎರಡು ತಲೆಮಾರಿನ ಎಂಎಕ್ಸ್-5 ಕಾರುಗಳಲ್ಲಿ (1989ರಿಂದ 2005) ಕೆಲಸದ ಕ್ರಮ ಹೀಗಿದೆ:

1. ಹ್ಯಾಂಡ್‌ಬ್ರೇಕ್ ಲಿವರ್ ಪೂರ್ತಿ ಇಳಿಸಿ. ಲಿವರಿನ ಬಳಿ ಇರುವ ಕೇಬಲ್ ಹೊಂದಾಣಿಕೆಯನ್ನು ಸಡಿಲಿಸಿ. ಎರಡೂ ಕ್ಯಾಲಿಪರುಗಳ ಚಿಕ್ಕ ಲಿವರ್ ತಡೆಗೆ ತಾಗುವಷ್ಟು ಹಿಂದೆ ಬಂದಿದೆಯೇ ನೋಡಿ. ಬಾರದಿದ್ದರೆ ತುಕ್ಕು ಹಿಡಿದಿದೆ ಎಂದರ್ಥ. ಮೊದಲು ಅದನ್ನು ಬಿಡಿಸಬೇಕು ಅಥವಾ ಕ್ಯಾಲಿಪರ್ ಬದಲಿಸಬೇಕು.

2. ಚಕ್ರ ಬಿಚ್ಚಿ ಪ್ಯಾಡಿನ ದಪ್ಪ, ಡಿಸ್ಕಿನ ಮೇಲ್ಮೈ, ಜಾರುವ ಪಿನ್ನುಗಳನ್ನು ಪರೀಕ್ಷಿಸಿ. ಎಣ್ಣೆ ತಾಗಿದ ಪ್ಯಾಡ್ ತೊಳೆದು ಮತ್ತೆ ಹಾಕುವುದು ಬೇಡ, ಬದಲಿಸಿ. ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಕಾರುಗಳ ಲೈನಿಂಗ್‌ನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿದೆ. ಒದ್ದೆ ಬಟ್ಟೆಯಿಂದ ಅಥವಾ ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಿ.

3. ಕ್ಯಾಲಿಪರಿನ ಒಳಬದಿಯಲ್ಲಿ 14 ಮಿ.ಮೀ. ಸ್ಪ್ಯಾನರಿಗೆ ಹೊಂದುವ ಒಂದು ಮುಚ್ಚಳದ ಬೋಲ್ಟ್ ಇದೆ. ಅದನ್ನು ಬಿಚ್ಚಿದರೆ ಒಳಗೆ 4 ಮಿ.ಮೀ. ಅಲೆನ್ ಕೀ ಕೂರುವ ಹೊಂದಾಣಿಕೆ ಸ್ಕ್ರೂ ಸಿಗುತ್ತದೆ. ಬ್ರೇಕ್ ಆಯಿಲಿನ ಪೈಪು ಜೋಡಿಸಿದ ಬೋಲ್ಟ್ ಬೇರೆ. ತಪ್ಪಿ ಅದನ್ನು ಬಿಚ್ಚಿದರೆ ಆಯಿಲ್ ಸೋರಿ, ಗಾಳಿ ಒಳಗೆ ಸೇರುತ್ತದೆ. ಯಾವುದು ಯಾವುದೆಂದು ಖಾತ್ರಿಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ.

4. ಸ್ಕ್ರೂವನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಪ್ಯಾಡುಗಳು ಡಿಸ್ಕನ್ನು ಹಿಡಿದು ಅದು ತಿರುಗದಂತಾಗುವವರೆಗೆ ತಿರುಗಿಸಿ. ಆಮೇಲೆ ಮೂರನೇ ಒಂದು ಸುತ್ತು ಹಿಂದಕ್ಕೆ ತಿರುಗಿಸಿ. ಈಗ ಡಿಸ್ಕ್ ಕೈಯಿಂದ ಸರಾಗವಾಗಿ ತಿರುಗಬೇಕು. ಇನ್ನೊಂದು ಬದಿಗೂ ಇದನ್ನೇ ಮಾಡಿ. ಮುಚ್ಚಳದ ಬೋಲ್ಟ್ ಮರೆಯದೆ ಹಾಕಿ.

5. ಕಾಲಿನ ಬ್ರೇಕನ್ನು ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಇದನ್ನು ಬಿಟ್ಟು ಕಾರು ತೆಗೆದರೆ ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟಬಹುದು.

6. ಕೊನೆಯದಾಗಿ ಕೇಬಲ್. ಲಿವರ್ 5ರಿಂದ 7 ಕ್ಲಿಕ್‌ನಲ್ಲಿ ಗಟ್ಟಿಯಾಗುವಂತೆ ಹೊಂದಿಸಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಲಿವರನ್ನು ಒಂದೊಂದೇ ಕ್ಲಿಕ್ ಏರಿಸುತ್ತಾ ಎರಡೂ ಹಿಂಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಕ್ಲಿಕ್‌ನಲ್ಲಿ ಹಿಡಿಯಲು ಶುರುಮಾಡಬೇಕು. ಲಿವರ್ ಇಳಿಸಿದಾಗ ಎರಡೂ ಬಿಡುಗಡೆಯಾಗಬೇಕು.

ಡಿಸ್ಕಿನೊಳಗೆ ಪುಟ್ಟ ಡ್ರಮ್ ಇರುವ ಕಾರುಗಳಲ್ಲಿ ತತ್ವ ಅದೇ, ಜಾಗ ಬೇರೆ. ಡಿಸ್ಕಿನ ಮುಖದಲ್ಲಿರುವ ರಂಧ್ರದ ಮೂಲಕ ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಹಲ್ಲುಚಕ್ರವನ್ನು ತಿರುಗಿಸಬೇಕು. ಚಕ್ರ ಹಿಡಿದುಕೊಂಡ ಮೇಲೆ, ಅದು ಸರಾಗವಾಗಿ ತಿರುಗುವವರೆಗೆ ಕೆಲವು ಹಲ್ಲು ಹಿಂದಕ್ಕೆ ಬಿಡಬೇಕು. ಈ ಶೂಗಳು ನಿಂತ ಕಾರಿನಲ್ಲಿ ಮಾತ್ರ ಕೆಲಸ ಮಾಡುವುದರಿಂದ ತಾವಾಗಿ ಉಜ್ಜಿಕೊಂಡು ಡ್ರಮ್ಮಿಗೆ ಹೊಂದಿಕೊಳ್ಳುವುದಿಲ್ಲ. ಹೊಸ ಶೂ ಹಾಕಿದಾಗ, ತಯಾರಕರು ಹೇಳಿದ ರೀತಿಯಲ್ಲಿ, ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸುತ್ತಾ ಲಿವರನ್ನು ಹಗುರವಾಗಿ ಎಳೆದು ಕೂರಿಸಬೇಕಾಗುತ್ತದೆ.

ಸ್ವಿಚ್ ಒತ್ತಿದರೆ ಕೆಲಸ ಮಾಡುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಇದ್ಯಾವುದನ್ನೂ ಪ್ರಯತ್ನಿಸಬೇಡಿ. ಅದರ ಮೋಟಾರನ್ನು ಮೊದಲು ಸರ್ವಿಸ್ ಸ್ಥಿತಿಗೆ ತರಬೇಕು, ಇಲ್ಲವಾದರೆ ಬೆರಳು ಸಿಕ್ಕಿಕೊಳ್ಳುವ ಅಪಾಯವಿದೆ.

ಕೇಳಿಬರುವ ಮಾತು, ಇರುವ ಸತ್ಯ

"ಗೇರ್‌ನಲ್ಲಿ ಇಟ್ಟರೆ ಸಾಕು, ಹ್ಯಾಂಡ್‌ಬ್ರೇಕ್ ಬೇಡ." ಪೂರ್ತಿ ನಿಜವಲ್ಲ. ಗೇರ್‌ನಲ್ಲಿಟ್ಟ ಕಾರನ್ನು ತಡೆಯುವುದು ಎಂಜಿನ್ನಿನ ಸಿಲಿಂಡರಿನೊಳಗೆ ಒತ್ತಲ್ಪಟ್ಟ ಗಾಳಿ. ಅದು ಪಿಸ್ಟನ್ ರಿಂಗುಗಳ ಸಂದಿನಿಂದ ನಿಧಾನವಾಗಿ ಸೋರುತ್ತದೆ. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಸ್ವಲ್ಪ ಸ್ವಲ್ಪವೇ ತಿರುಗಿ ಕಾರು ತೆವಳಬಹುದು. ಎರಡನ್ನೂ ಬಳಸುವುದು ಸರಿ.

"ದಿನಾ ಎಳೆದರೆ ಹ್ಯಾಂಡ್‌ಬ್ರೇಕ್ ಬೇಗ ಸವೆಯುತ್ತದೆ." ತಪ್ಪು. ಪ್ಯಾಡ್ ಸವೆಯುವುದು ಚಕ್ರ ತಿರುಗುವಾಗ. ನಿಂತ ಕಾರಿನಲ್ಲಿ ಉಜ್ಜಾಟವೇ ಇಲ್ಲ. ಬಳಸದೆ ಬಿಟ್ಟರೇ ಕೇಬಲ್ ಮತ್ತು ಲಿವರ್ ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ, ಕರಾವಳಿ ಮಲೆನಾಡಿನ ತೇವದಲ್ಲಿ ಇನ್ನೂ ಬೇಗ. ಆದರೆ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪ್ಯಾಡ್ ಡಿಸ್ಕಿಗೆ ಅಂಟದಂತೆ, ಸಮತಟ್ಟು ನೆಲದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಎರಡೂ ಕಡೆ ತಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿಡುವುದು ಒಳ್ಳೆಯದು.

"ಒಮ್ಮೆ ಗಟ್ಟಿಯಾಗಿ ಎಳೆದರೆ ಮತ್ತೆ ನೋಡಬೇಕಿಲ್ಲ." ಘಾಟಿ ಇಳಿದು ಬಂದ ಕಾರಿಗೆ ಈ ಮಾತು ಅನ್ವಯಿಸುವುದಿಲ್ಲ. ಕಾದ ಡಿಸ್ಕ್ ಮತ್ತು ಪ್ಯಾಡ್ ತಣ್ಣಗಾಗುತ್ತಾ ಕೊಂಚ ಕುಗ್ಗುತ್ತವೆ. ಮೇಲಿನ ಲೆಕ್ಕದಲ್ಲಿ ಕಂಡಂತೆ ಮಿಲಿಮೀಟರಿನ ಭಾಗವೂ ಇಲ್ಲಿ ಮುಖ್ಯ. ಹಿಡಿತ ಸಡಿಲಾಗಿ, ನಿಲ್ಲಿಸಿದ ಎಷ್ಟೋ ಹೊತ್ತಿನ ಮೇಲೆ ಕಾರು ಉರುಳಬಹುದು. ಕೆಲವು ನಿಮಿಷ ಬಿಟ್ಟು ಲಿವರನ್ನು ಮತ್ತೊಮ್ಮೆ ಎಳೆದು ನೋಡಿ.

"ಡ್ರಿಫ್ಟ್ ಕಾರಿನ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಹಾಕಿಸಿದರೆ ಸಮಸ್ಯೆಯೇ ಇಲ್ಲ." ಅದು ಓಡುವ ಕಾರಿನ ಹಿಂಚಕ್ರವನ್ನು ಕ್ಷಣಕಾಲ ಹಿಡಿಯಲು ಮಾಡಿದ್ದು. ದ್ರವದ ಒತ್ತಡ ಗಂಟೆಗಟ್ಟಲೆ ಹಾಗೆಯೇ ಉಳಿಯುತ್ತದೆಂಬ ಭರವಸೆ ಇಲ್ಲ. ಹಾಕಿಸಿದರೂ ಕೇಬಲ್ಲಿನ ಬ್ರೇಕ್ ತೆಗೆಸಬಾರದು.

ಸರಿಹೋಗಿದೆ ಎಂದು ತಿಳಿಯುವುದು ಹೇಗೆ?

ಹಿಂದೆ ಮುಂದೆ ಯಾರೂ ಇಲ್ಲದ ಸಾಧಾರಣ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಕಾಲಿನ ಬ್ರೇಕನ್ನು ನಿಧಾನವಾಗಿ ಬಿಡಿ. ಕಾಲು ಪೆಡಲಿನ ಮೇಲೆಯೇ ಸಿದ್ಧವಾಗಿರಲಿ. ಕಾರನ್ನು ತಿರುಗಿಸಿ ಇನ್ನೊಂದು ದಿಕ್ಕಿಗೂ ಪರೀಕ್ಷಿಸಿ. ಮುಖ ಕೆಳಗಿದ್ದಾಗ ಭಾರ ಮುಂಚಕ್ರಕ್ಕೆ ಸರಿದು ಹಿಂಚಕ್ರದ ಟೈರಿನ ಹಿಡಿತ ಕಡಿಮೆಯಾಗುತ್ತದೆ. ಬ್ರಿಟನ್ನಿನಲ್ಲಿರುವವರ ಕಾರು ಮೂರು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಂಒಟಿ ಪರೀಕ್ಷೆಗೆ ಹೋಗಲೇಬೇಕು. ಅಲ್ಲಿ ರೋಲರ್ ಮೇಲೆ ಅಳೆದಾಗ ಸಾಮಾನ್ಯ ಕಾರಿನ ಪಾರ್ಕಿಂಗ್ ಬ್ರೇಕಿನ ಸಾಮರ್ಥ್ಯ ಕನಿಷ್ಠ 16% ಇರಬೇಕು. ಪಾಸಾದ ಕಾರೂ ಕಡಿದಾದ ರಸ್ತೆಯಲ್ಲಿ ಜಾರಬಹುದು ಎಂಬುದು ಇದರಿಂದ ಗೊತ್ತಾಗುತ್ತದೆ.

ಕ್ಯಾಲಿಪರ್ ಲಿವರ್ ಅಂಟಿಕೊಂಡಿದ್ದರೆ, ಬ್ರೇಕ್ ಆಯಿಲ್ ಸೋರುತ್ತಿದ್ದರೆ, ಕೇಬಲ್ಲಿನ ಎಳೆಗಳು ಬಿಚ್ಚಿಕೊಂಡಿದ್ದರೆ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ. ಆಗಲೂ "ಹ್ಯಾಂಡ್‌ಬ್ರೇಕ್ ಟೈಟ್ ಮಾಡಿ" ಎನ್ನುವ ಬದಲು "ಹಿಂದಿನ ಚಕ್ರದಲ್ಲಿ ಅಂತರ ನೋಡಿ, ಆಮೇಲೆ ಕೇಬಲ್ ಹೊಂದಿಸಿ" ಎಂದು ಕೇಳಿ.

ಅಲ್ಲಿಯವರೆಗೆ ಇಳಿಜಾರಿನಲ್ಲಿ ನಿಲ್ಲಿಸುವುದನ್ನು ತಪ್ಪಿಸಿ. ಅನಿವಾರ್ಯವಾದರೆ ಹ್ಯಾಂಡ್‌ಬ್ರೇಕ್ ಎಳೆದು ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ನಮ್ಮ ಹಾಗೆ ಎಡಬದಿಯಲ್ಲಿ ನಿಲ್ಲಿಸುವ ಕಡೆ, ಕಾರಿನ ಮುಖ ಕೆಳಗಿದ್ದರೆ ಸ್ಟೀರಿಂಗನ್ನು ಎಡಕ್ಕೆ, ಫುಟ್‌ಪಾತಿನ ಕಡೆಗೆ ತಿರುಗಿಸಿ. ಮುಖ ಮೇಲಿದ್ದು ಫುಟ್‌ಪಾತಿನ ಅಂಚುಕಲ್ಲು ಇದ್ದರೆ ಬಲಕ್ಕೆ, ಅಂಚುಕಲ್ಲು ಇಲ್ಲದಿದ್ದರೆ ಎಡಕ್ಕೆ. ಬ್ರೇಕ್ ಸೋತರೂ ಕಾರು ನಡುರಸ್ತೆಗೆ ಇಳಿಯುವ ಬದಲು ಬದಿಗೆ ತಾಗಿ ನಿಲ್ಲುವ ಸಾಧ್ಯತೆ ಆಗ ಹೆಚ್ಚು. ಕಾರು ಜಾರಲು ಶುರುವಾದರೆ ಮಾತ್ರ ಹಿಂದೆ ಹೋಗಿ ಕೈಯಿಂದ ತಡೆಯಲು ಯಾರೂ ಪ್ರಯತ್ನಿಸಬಾರದು. 20% ಇಳಿಜಾರಿನಲ್ಲಿ ಆ ಕೈಗಳು ತಡೆಯಬೇಕಾದದ್ದು 200 ಕೆ.ಜಿ.ಗೂ ಮೀರಿದ ಬಲವನ್ನು.